ಶಾಲೆಗೆ ಮೀನು ಕೊಡುವ ‘ಆರ್ಡರ್’: ದುಡ್ಡು ಕೊಡುವ ಮುನ್ನ

ಕೃಷ್ಣಗಿರಿ ಅಣೆಕಟ್ಟಿನ ಆಸುಪಾಸಿನ ಮಹಿಳಾ ಸಂಘವೊಂದರವರು ಈಚೆಗೆ ನನ್ನ ಕಚೇರಿಗೆ ಒಂದು ಕಾಗದ ತಂದಿದ್ದರು. ಮೇಲೆ ಸರ್ಕಾರದ ಲಾಂಛನ, ಕೆಳಗೆ ನೇರಳೆ ಮೊಹರು, ನಡುವೆ ಸತ್ತುಣವು (ಶಾಲಾ ಬಿಸಿಯೂಟ) ಕೇಂದ್ರಗಳಿಗೆ ವಾರಕ್ಕೊಮ್ಮೆ ಮೀನು ಸರಬರಾಜು ಮಾಡುವ ‘ಆರ್ಡರ್’. ಆದೇಶದ ಸಂಖ್ಯೆಯಿಲ್ಲ, ತಾರೀಕಿಲ್ಲ, ಸಹಿ ಹಾಕಿದವರ ಹುದ್ದೆಯಿಲ್ಲ. ಇದಕ್ಕೆ ‘ಠೇವಣಿ’ ಎಂದು ಸಂಘದ ಉಳಿತಾಯವನ್ನೇ ಕೊಟ್ಟಿದ್ದರು, ಅದೂ ರಸೀದಿಯಿಲ್ಲದೆ. ದುಡ್ಡು ಪಡೆದ ದಲ್ಲಾಳಿಯ ಫೋನ್ ಬಂದ್ ಆಗಿತ್ತು. ಸರ್ಕಾರಿ ಕಚೇರಿಯಲ್ಲಿ ವಿಚಾರಿಸಿದ್ದಕ್ಕೆ ಸಿಕ್ಕ ಉತ್ತರ, ‘ಕೊಟ್ಟವರನ್ನೇ ಕೇಳಿ’. ಸಂಬಳ ತೆಗೆದುಕೊಂಡು ಕೂತವರು ಆ ಕಾಗದ ನೋಡಿ ‘ಇದು ಸುಳ್ಳು’ ಎನ್ನುವುದಕ್ಕೂ ಬಾಯಿ ಬಿಡಲಿಲ್ಲ.

ಮೊದಲು ತಿಳಿಯಬೇಕಾದದ್ದು: ತಮಿಳುನಾಡಿನ ಸತ್ತುಣವು ಪಟ್ಟಿಯಲ್ಲಿ ಮೊಟ್ಟೆ ಇದೆ, ಮೀನಿಲ್ಲ. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು. 2013ರ ಆಹಾರ ಭದ್ರತಾ ಕಾಯ್ದೆ ಎಂಟನೇ ತರಗತಿವರೆಗಿನ ಮಕ್ಕಳಿಗೆ ಬಿಸಿಯೂಟವನ್ನು ಹಕ್ಕಾಗಿಸಿದೆ: ಐದನೇ ತರಗತಿವರೆಗೆ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್, ಆರರಿಂದ ಎಂಟಕ್ಕೆ 700 ಕ್ಯಾಲೊರಿ, 20 ಗ್ರಾಂ. ಆ ಪ್ರೋಟೀನ್ ಬೇಳೆಯಿಂದ ಬರಬೇಕೋ ಮೀನಿನಿಂದ ಬರಬೇಕೋ ಎಂದು ಕಾಯ್ದೆ ಹೇಳುವುದಿಲ್ಲ. ‘ಕೋರ್ಟಿಗೆ ಹೋಗೋಣ ಸಾರ್’ ಎನ್ನುವವರಿಗೆ ಲಕ್ಷದ್ವೀಪದ ಸಂಗತಿ ಹೇಳುತ್ತೇನೆ. 2021ರಲ್ಲಿ ಅಲ್ಲಿನ ಆಡಳಿತ ಶಾಲೆಯ ಊಟದಿಂದ ಕೋಳಿ, ಮಾಂಸ ತೆಗೆದು ಮೀನು, ಮೊಟ್ಟೆ ಉಳಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿತು. ತಟ್ಟೆಯಲ್ಲಿ ಏನಿರಬೇಕೆಂಬುದು ಸರ್ಕಾರದ ನೀತಿಗೆ ಬಿಟ್ಟದ್ದು ಎಂಬುದು ಅದರ ನಿಲುವು.

ಹಾಗಾದರೆ ಬೆಂಬಲವೇ ಇಲ್ಲವೇ? ಇದೆ. ಶಾಲಾ ಊಟಕ್ಕೆಂದು ಇರುವ ಕೇಂದ್ರದ ಪಿಎಂ ಪೋಷಣ್ ಯೋಜನೆ ಆಯಾ ಊರಿನ ಪದಾರ್ಥ ಬಳಸಲು ಪ್ರೋತ್ಸಾಹ ಕೊಡುತ್ತದೆ. ಹೊಸ ಪ್ರಯೋಗಗಳಿಗೆ ರಾಜ್ಯಗಳು ವಾರ್ಷಿಕ ಯೋಜನೆಯ ಶೇ 5ರಷ್ಟು ಬಳಸಬಹುದು. ಅಣೆಕಟ್ಟಿನ ಕಾಟ್ಲಾ, ರೋಹು, ಜಿಲೇಬಿ ಮೀನು ಮಕ್ಕಳ ಊಟಕ್ಕೆ ಬರುವ ದಾರಿ ಇದೇ. ಆದರೆ ಪ್ರಸ್ತಾವ ಹೋಗಬೇಕಾದದ್ದು ಚೆನ್ನೈಯಿಂದ. ಮುಖ್ಯೋಪಾಧ್ಯಾಯರಾಗಲಿ, ಸತ್ತುಣವು ಸಂಘಟಕರಾಗಲಿ, ಪಂಚಾಯಿತಿ ಅಧ್ಯಕ್ಷರಾಗಲಿ ಸ್ವಂತವಾಗಿ ‘ಮೀನು ತನ್ನಿ’ ಎಂದು ಆರ್ಡರ್ ಕೊಡಲಾರರು. ಮೊಟ್ಟೆಯೂ ರಾಜ್ಯಮಟ್ಟದ ಟೆಂಡರ್‌ನಲ್ಲೇ ಬರುತ್ತದೆ. ಶಾಲೆಯ ಪಕ್ಕದಲ್ಲೇ ಕೋಳಿ ಸಾಕಿದವರೂ ನೇರವಾಗಿ ಮಾರಲಾರರು. ನಿಜವಾದ ಟೆಂಡರ್ ಠೇವಣಿ ಟೆಂಡರ್ ಕರೆದ ಕಚೇರಿಗೆ ಸಲ್ಲುತ್ತದೆ, ಯಾರದೋ ಗೂಗಲ್ ಪೇ ನಂಬರಿಗಲ್ಲ.

ಠೇವಣಿಗಿಂತ ಹೆಚ್ಚು ಜನ ಮುಳುಗುವುದು ಇನ್ನೊಂದು ಕಡೆ. ‘ಮೊದಲು ಕೊಡಿ, ಬಿಲ್ ಆಮೇಲೆ ಪಾಸ್ ಮಾಡಿಸುತ್ತೇವೆ’ ಎಂಬ ಬಾಯಿಮಾತು. ಸಂವಿಧಾನದ 299ನೇ ವಿಧಿಯಂತೆ ರಾಜ್ಯ ಸರ್ಕಾರದ ಜೊತೆಗಿನ ಕರಾರು ರಾಜ್ಯಪಾಲರ ಹೆಸರಿನಲ್ಲಿ, ಅಧಿಕಾರವುಳ್ಳವರ ಸಹಿಯೊಂದಿಗೆ ಬರಹದಲ್ಲಿರಬೇಕು. ಅದಿಲ್ಲದೆ ನೀವು ತಿಂಗಳುಗಟ್ಟಲೆ ಮೀನು ಕೊಟ್ಟರೂ ಕರಾರೆಂದು ಹಣ ಕೇಳಲಾಗದು. ಕರಾರು ಕಾಯ್ದೆಯ 70ನೇ ಕಲಂ ಒಂದು ಕಿಂಡಿ ಬಿಟ್ಟಿದೆ: ಪುಕ್ಕಟೆಯಾಗಿ ಕೊಡುವ ಉದ್ದೇಶವಿಲ್ಲದೆ ಕೊಟ್ಟದ್ದನ್ನು ಅವರು ಉಪಯೋಗಿಸಿಕೊಂಡಿದ್ದರೆ ಪರಿಹಾರ ಕೇಳಬಹುದು. ಅದಕ್ಕೆ ಕೊಟ್ಟ ದಿನ, ತೂಕ, ತೆಗೆದುಕೊಂಡವರ ಸಹಿ ಬೇಕು. ಅವಿಲ್ಲದೆ ವರ್ಷಾನುಗಟ್ಟಲೆ ಕೋರ್ಟಿಗೆ ಅಲೆಯುವ ಖರ್ಚು ಮೀನಿನ ಬೆಲೆಯನ್ನೂ ಮೀರುತ್ತದೆ. ಮಾರಿದ ಸರಕಿನ ಬಾಕಿಗೆ ದಾವೆಯ ಕಾಲಮಿತಿ ಮೂರು ವರ್ಷ. ‘ಮುಂದಿನ ಬಜೆಟ್‌ನಲ್ಲಿ ಬರುತ್ತದೆ’ ಎಂದು ಸಾಗಹಾಕುತ್ತಾ ಅದನ್ನೂ ದಾಟಿಸಿಬಿಡುತ್ತಾರೆ, ಜೋಕೆ.

ದುಡ್ಡು ಹೋಗಿಬಿಟ್ಟಿದ್ದರೆ ಪೊಲೀಸ್ ಠಾಣೆಗೆ ಲಿಖಿತ ದೂರು ಕೊಡಿ. 2024ರ ಜುಲೈ 1ರ ನಂತರದ ವಂಚನೆಗೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ. ‘ಇದು ಸಿವಿಲ್ ಕೇಸು’ ಎಂದು ವಾಪಸ್ ಕಳಿಸಿದರೆ ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಕ್ರಮವಾಗದಿದ್ದರೆ ಮುಂದಿನದು ಮ್ಯಾಜಿಸ್ಟ್ರೇಟ್ ಕೋರ್ಟು.

ಮಕ್ಕಳಿಗೆ ಒಂದು ದಿನವಾದರೂ ಊರಿನ ಮೀನು ತಿನ್ನಿಸಬೇಕೆಂಬ ಆಸೆಯಿದ್ದರೆ ‘ತಿಥಿ ಭೋಜನ’ ಇದೆ. ಹಬ್ಬಕ್ಕೋ ಹುಟ್ಟುಹಬ್ಬಕ್ಕೋ ಊರವರು ಶಾಲೆಗೆ ವಿಶೇಷ ಊಟ ಕೊಡುವ ಏರ್ಪಾಡು ಅದು. ಅದು ದಾನ, ಬಿಲ್ ಇಲ್ಲ. ಮಾಮೂಲಿ ಊಟವನ್ನು ಅದರ ನೆಪದಲ್ಲಿ ನಿಲ್ಲಿಸುವಂತೆಯೂ ಇಲ್ಲ. ಶಾಲೆಯ ಒಪ್ಪಿಗೆ ಮೊದಲೇ ಪಡೆಯಿರಿ. ಮುಳ್ಳು ತೆಗೆದೇ ಬಡಿಸಬೇಕು, ಅದಕ್ಕೂ ಮುಂಚೆ ಶಿಕ್ಷಕರೊಬ್ಬರು ಸೇರಿ ದೊಡ್ಡವರು ರುಚಿ ನೋಡಿರಬೇಕು. ಹಿಡಿದ ಮೀನನ್ನು ಹಾಗೇ ಮಾರುವ ಮೀನುಗಾರನಿಗೆ ಆಹಾರ ಸುರಕ್ಷತಾ ಕಾಯ್ದೆಯ 18(3)ರಲ್ಲಿ ವಿನಾಯಿತಿ ಇದೆ. ಕೊಯ್ದು, ಮಸಾಲೆ ಹಚ್ಚಿ, ಹುರಿದು ಮಾರುವವರಿಗೆ ನೋಂದಣಿ ಬೇಕು. ಕೆಲವರಪಳ್ಳಿ ಅಣೆಕಟ್ಟಿನಲ್ಲಿ ನೊರೆ ಏಳುವುದನ್ನು ಹೊಸೂರಿನವರು ಕಣ್ಣಾರೆ ಕಂಡಿದ್ದೀರಿ. ಆ ನೀರಿನ ಮೀನನ್ನು ಪರೀಕ್ಷೆಯಿಲ್ಲದೆ ಮಕ್ಕಳಿಗೆ ಬಡಿಸಬೇಡಿ.

ಬೇಡಿಕೆಯನ್ನು ಕಲೆಕ್ಟರ್ ಕಚೇರಿಯ ಸೋಮವಾರದ ಕುಂದುಕೊರತೆ ದಿನದಲ್ಲಿ ಮನವಿಯಾಗಿ ಬರೆದು ಕೊಡಿ: ರಾಜ್ಯದ ಮುಂದಿನ ಪಿಎಂ ಪೋಷಣ್ ಯೋಜನೆಯಲ್ಲಿ ಜಿಲ್ಲೆಯ ಮೀನನ್ನು ಸೇರಿಸಲು ಶಿಫಾರಸು ಮಾಡಿ ಎಂದು. ಅದರ ಒಂದು ಪ್ರತಿಯನ್ನು ಚೆನ್ನೈನ ಸಮಾಜ ಕಲ್ಯಾಣ ಇಲಾಖೆಗೂ ಕಳಿಸಿ. ಕನ್ನಡದಲ್ಲೇ ಬರೆಯಬಹುದು. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಕೊಡುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ‘ತಮಿಳಲ್ಲಿ ಬರ್ಕೊಂಡು ಬನ್ನಿ’ ಎಂದು ಗುಮಾಸ್ತ ಹಿಂದಕ್ಕೆ ತಳ್ಳಿದರೆ ಆ ವಿಧಿಯ ಸಂಖ್ಯೆ ಹೇಳಿ, ಸ್ವೀಕೃತಿ ಸಂಖ್ಯೆ ಪಡೆಯದೆ ಕದಲಬೇಡಿ. ಕೆಲಸ ಬೇಗ ಸಾಗಲೆಂದು ತಮಿಳು ಪ್ರತಿ ಲಗತ್ತಿಸಿದರೆ ನಷ್ಟವೇನಿಲ್ಲ.

ಮಾಹಿತಿ ಹಕ್ಕಿನ ಅರ್ಜಿಗೆ ಮಾತ್ರ ಈ ಅನುಕೂಲವಿಲ್ಲ. ಅದು ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಆಡಳಿತ ಭಾಷೆಯಲ್ಲಿರಬೇಕು, ಅಂದರೆ ಇಲ್ಲಿ ತಮಿಳು. ಶುಲ್ಕ 10 ರೂಪಾಯಿ. ಯಾರಾದರೂ ‘ಆರ್ಡರ್’ ತೋರಿಸಿದರೆ ಈ ಅರ್ಜಿಯಲ್ಲಿ ಒಂದೇ ಪ್ರಶ್ನೆ ಕೇಳಿ: ಶಾಲೆಗಳಿಗೆ ಮೀನು ಖರೀದಿಸಲು ಹೊರಡಿಸಿದ ಸರ್ಕಾರಿ ಆದೇಶದ ಸಂಖ್ಯೆ, ತಾರೀಕು ಯಾವುದು? 30 ದಿನದಲ್ಲಿ ಉತ್ತರ ಬರದಿದ್ದರೆ ಅಲ್ಲಿಂದ 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಹಾಕಿ.