ನೋಟ ಮತ್ತು ನಿರ್ಣಯ: ವಾರಿಷೇಣನ ಕಥೆಯ ಒಂದು ಪಾಠ

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಆರನೆಯದಾದ ಸ್ಥಿತಿಕರಣಕ್ಕೆ ದೃಷ್ಟಾಂತವಾಗಿ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಾರಿಷೇಣನನ್ನು ಹೆಸರಿಸಿದ್ದಾರೆ. ಧರ್ಮದಿಂದ ಜಾರುತ್ತಿದ್ದ ಪುಷ್ಪದಾಳನನ್ನು ಆತನು ಮರಳಿ ನೆಲೆಗೊಳಿಸಿದನೆಂಬುದು ಆ ಕಥೆಯ ಪ್ರಸಿದ್ಧ ಭಾಗ. ಅದಕ್ಕೂ ಹಿಂದಿನ ಒಂದು ರಾತ್ರಿಯ ಪ್ರಸಂಗವನ್ನು ಕೇಳುಗರು ಅತಿಶಯವೆಂದು ಕೈಮುಗಿದು ಮುಂದೆ ಸಾಗುವುದೇ ಹೆಚ್ಚು. ಪರ್ವೋಪವಾಸವನ್ನು ಆಚರಿಸುವ ಮನೆಗಳವರು ಆ ರಾತ್ರಿಯ ಬಳಿ ಸ್ವಲ್ಪ ಹೊತ್ತು ನಿಂತು ನೋಡಬೇಕಾಗಿದೆ.

ರಾಜಗೃಹದ ಶ್ರೇಣಿಕ ಮಹಾರಾಜನ ಮತ್ತು ಚೇಲನಾದೇವಿಯ ಮಗನಾದ ವಾರಿಷೇಣನು ಶ್ರಾವಕವ್ರತಗಳಲ್ಲಿ ದೃಢನು. ಒಂದು ಚತುರ್ದಶಿಯ ರಾತ್ರಿ ಉಪವಾಸವಿದ್ದು ಸ್ಮಶಾನದಲ್ಲಿ ಕಾಯೋತ್ಸರ್ಗದಿಂದ ನಿಂತಿದ್ದನು. ಅದೇ ರಾತ್ರಿ ಮಗಧಸುಂದರಿಯೆಂಬ ವೇಶ್ಯೆಯ ಹಟವನ್ನು ಸಲ್ಲಿಸುವುದಕ್ಕಾಗಿ ವಿದ್ಯುಚ್ಚೋರನು ಶ್ರೀಕೀರ್ತಿ ಶ್ರೇಷ್ಠಿಯ ಮನೆಯಿಂದ ದಿವ್ಯಹಾರವೊಂದನ್ನು ಕದ್ದನು. ಕತ್ತಲೆಯಲ್ಲಿ ಹಾರದ ಕಾಂತಿಯೇ ಅವನ ಸುಳಿವನ್ನು ಕೊಟ್ಟಿತು. ಕಾವಲಿನವರು ಬೆನ್ನಟ್ಟಲು, ಓಡಿ ತಪ್ಪಿಸಿಕೊಳ್ಳಲಾರದೆ ಅದನ್ನು ವಾರಿಷೇಣನ ಮುಂದೆ ಎಸೆದು ಮರೆಯಾದನು. ಬಂದವರಿಗೆ ಹಾರ ಕಂಡಿತು; ಹಾರದ ಬಳಿ ಒಬ್ಬ ಮನುಷ್ಯನು ಕಂಡನು. ಅಷ್ಟರಿಂದಲೇ ಕಳ್ಳನು ಸಿಕ್ಕಿದನೆಂದು ಅರಸನಿಗೆ ದೂರು ಹೋಯಿತು. ಶ್ರೇಣಿಕನು ಮಗನ ತಲೆಯನ್ನು ಕಡಿಯುವಂತೆ ಆಜ್ಞೆ ಮಾಡಿದನು. ಮುಂದಿನ ಉತ್ಸರ್ಪಿಣಿಯಲ್ಲಿ ಪ್ರಥಮ ತೀರ್ಥಂಕರನಾಗಲಿರುವ ಜೀವವೇ ಹೀಗೆ ಎಡವಿತೆಂದ ಮೇಲೆ ಸಾಮಾನ್ಯ ಗೃಹಸ್ಥರ ಪಾಡೇನು!

ಇಲ್ಲಿ ಕಣ್ಣು ಸುಳ್ಳು ಹೇಳಲಿಲ್ಲ. ಹಾರ ಇದ್ದದ್ದು ನಿಜ, ಮನುಷ್ಯನಿದ್ದದ್ದೂ ನಿಜ. ತಪ್ಪು ಎಲ್ಲಿ ನಡೆಯಿತೆಂಬುದನ್ನು ತಿಳಿಯಲು ತತ್ತ್ವಾರ್ಥಸೂತ್ರದ ಮೊದಲ ಅಧ್ಯಾಯಕ್ಕೆ ಹೋಗಬೇಕು. ಅಲ್ಲಿ ಮತಿಜ್ಞಾನಕ್ಕೆ ಅವಗ್ರಹ, ಈಹಾ, ಅವಾಯ, ಧಾರಣಾ ಎಂಬ ನಾಲ್ಕು ಹಂತಗಳನ್ನು ಹೇಳಿದೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದಕ್ಕೆ ಬಲು ಸುಲಭವಾದ ಉದಾಹರಣೆಯನ್ನು ಕೊಟ್ಟಿದ್ದಾರೆ. ದೂರದಲ್ಲಿ ಏನೋ ಬೆಳ್ಳಗೆ ಕಾಣುತ್ತದೆ; ಅದು ಅವಗ್ರಹ. ಬೆಳ್ಳಕ್ಕಿಯೋ ಬಾವುಟವೋ ಎಂದು ವಿಶೇಷವನ್ನು ಅರಿಯಲು ಬಯಸುವುದು ಈಹಾ. ಮೇಲೇರುವುದು, ಕೆಳಗಿಳಿಯುವುದು, ರೆಕ್ಕೆ ಬಡಿಯುವುದು ಇವನ್ನು ಕಂಡು ಬೆಳ್ಳಕ್ಕಿಯೇ ಎಂದು ನಿಶ್ಚಯಿಸುವುದು ಅವಾಯ. ಅದನ್ನು ಮರೆಯದೆ ಉಳಿಸಿಕೊಳ್ಳುವುದು ಧಾರಣಾ.

ಕಾವಲಿನವರು ಅವಗ್ರಹದಿಂದ ನೇರವಾಗಿ ಅವಾಯಕ್ಕೆ ಹಾರಿದರು. ನಡುವಣ ಈಹೆ ಉಳಿದುಹೋಯಿತು. ಓಡಿ ಬಂದವನಿಗೆ ಏದುಸಿರು ಇರಬೇಡವೇ? ಕದ್ದವನು ಒಡವೆಯನ್ನು ಎದುರಿಗೆ ಚೆಲ್ಲಿಕೊಂಡು ಅಲುಗದೆ ನಿಲ್ಲುವನೇ? ಇಂಥ ಒಂದು ಪ್ರಶ್ನೆ ಸಾಕಾಗಿತ್ತು. ಅರಸನಾದರೋ ಕಾವಲಿನವರ ಅವಾಯವನ್ನೇ ತನ್ನ ಧಾರಣೆಯಾಗಿ ಮಾಡಿಕೊಂಡನು. ಲೋಕದಲ್ಲಿ ಒಬ್ಬರ ಮೇಲೆ ಹುಟ್ಟುವ ಅಪವಾದ ಬೆಳೆಯುವುದು ಈ ಎರಡನೆಯ ಬಗೆಯಿಂದಲೇ: ನೋಡಿದವನೊಬ್ಬ, ನಂಬಿದವರು ನೂರು ಮಂದಿ.

ಉಪವಾಸವ್ರತಕ್ಕೂ ಇದಕ್ಕೂ ಇರುವ ನಂಟು ದೂರದ್ದಲ್ಲ. ಪ್ರೋಷಧೋಪವಾಸಕ್ಕೆ ತತ್ತ್ವಾರ್ಥಸೂತ್ರವು ಐದು ಅತಿಚಾರಗಳನ್ನು ಹೇಳುತ್ತದೆ. ಅವುಗಳಲ್ಲಿ ಮೂರು ಒಂದೇ ತಪ್ಪಿನ ಮೂರು ರೂಪಗಳು. ಜೀವಜಂತುಗಳಿವೆಯೋ ಎಂದು ಕಣ್ಣಿನಿಂದ ನೋಡದೆ, ಮೃದುವಾದ ಉಪಕರಣದಿಂದ ಗುಡಿಸದೆ, ಮಲಮೂತ್ರ ವಿಸರ್ಜಿಸುವುದು, ಪೂಜೋಪಕರಣವನ್ನೋ ವಸ್ತ್ರವನ್ನೋ ಎತ್ತಿಕೊಳ್ಳುವುದು, ಹಾಸಿಗೆಯನ್ನು ಹಾಸುವುದು. ಉಳಿದೆರಡು ಅನಾದರ ಮತ್ತು ಮರೆವು. ಚಾಪೆ ಹಾಸುವ ಮುನ್ನ ನೆಲವನ್ನು ನೋಡಬೇಕೆನ್ನುವ ವ್ರತವು, ಪಂಚೇಂದ್ರಿಯ ಜೀವಿಯಾದ ಮನುಷ್ಯನ ಮೇಲೆ ದೋಷವನ್ನು ಹೊರಿಸುವ ಮುನ್ನ ನೋಡಬೇಕಿಲ್ಲವೆಂದು ಬಿಟ್ಟೀತೇ?

ದಶಲಕ್ಷಣ ಪರ್ವದಲ್ಲಿ ನಡೆಯುವುದನ್ನು ಗಮನಿಸಬಹುದು. ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ಒಂದೇ ಮನೆಯಲ್ಲಿ ಒಬ್ಬರು ನಿರಾಹಾರವಿರುತ್ತಾರೆ, ಒಬ್ಬರು ಏಕಭುಕ್ತ ಮಾಡುತ್ತಾರೆ, ಒಬ್ಬರಿಗೆ ಎರಡೂ ಸಾಧ್ಯವಾಗುವುದಿಲ್ಲ. ನಡುಹಗಲಲ್ಲಿ ಸೊಸೆ ಅಡಿಗೆಮನೆಯಲ್ಲಿ ಹಾಲು ಕುಡಿಯುವುದು ಅತ್ತೆಗೆ ಕಾಣುತ್ತದೆ. ಮೊಲೆಗೂಸಿನ ತಾಯಿಯ ಶರೀರಸ್ಥಿತಿ ಆ ಹೊತ್ತಿಗೆ ಮನಸ್ಸಿಗೆ ಬರುವುದಿಲ್ಲ. "ಈಗಿನವರಿಗೆ ವ್ರತದಲ್ಲಿ ಆದರವಿಲ್ಲ" ಎಂಬ ಮಾತು ಸಂಜೆಗೆ ಬಸದಿಯ ಜಗಲಿಯನ್ನು ಮುಟ್ಟಿರುತ್ತದೆ. ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವ ವೃದ್ಧರ ತಟ್ಟೆಗೂ ಇದೇ ಗತಿ. ವಿಪರೀತವೂ ಉಂಟು. ಬಾಡಿದ ಮುಖವನ್ನು ಕಂಡು ಮಹಾ ತಪಸ್ವಿಯೆಂದು ಹೊಗಳುವವರು, ಆ ಮುಖದ ಹಿಂದೆ ಮನೆಯವರ ಮೇಲೆ ಕುದಿಯುವ ಕ್ರೋಧವಿದೆಯೆಂಬುದನ್ನು ಕಾಣರು.

ಐದೂ ಇಂದ್ರಿಯಗಳು ತಮ್ಮ ವಿಷಯಗಳ ಕುತೂಹಲವನ್ನು ಬಿಟ್ಟು ಒಳಗೆ ನೆಲೆಸುವುದೇ ಉಪವಾಸವೆಂದು ಪೂಜ್ಯಪಾದರು ವಿವರಿಸುತ್ತಾರೆ. ಯಾರು ಉಂಡರು, ಯಾರು ಉಣ್ಣಲಿಲ್ಲವೆಂದು ಎಣಿಸುತ್ತಿರುವವರ ನಾಲಗೆ ಮಾತ್ರ ಉಪವಾಸವಿದೆ; ಕಣ್ಣು ಉಣ್ಣುತ್ತಲೇ ಇದೆ. ಅಂಗಚೇಷ್ಟೆಯನ್ನೋ ಮುಖಭಾವವನ್ನೋ ಕಂಡು ಪರರ ಅಭಿಪ್ರಾಯವನ್ನು ಊಹಿಸಿ ಅಸೂಯೆಯಿಂದ ಹೊರಗೆಡಹುವುದನ್ನು ಸಾಕಾರಮಂತ್ರಭೇದವೆಂದು ಸತ್ಯಾಣುವ್ರತದ ಅತಿಚಾರಗಳಲ್ಲಿ ಸೇರಿಸಿದೆ. ಊಹೆ ನಿಜವೇ ಆಗಿದ್ದರೂ ಅದು ಅತಿಚಾರವೆಂಬುದನ್ನು ಮರೆಯಬಾರದು.

ವಾರಿಷೇಣನ ಕೊರಳಿಗೆ ಬೀಸಿದ ಕತ್ತಿ ಹೂಮಾಲೆಯಾಯಿತು. ಸುದ್ದಿ ಕೇಳಿದ ಶ್ರೇಣಿಕನು ಮಗನ ಬಳಿಗೆ ಬಂದು ಕ್ಷಮೆ ಬೇಡಿದನು. ವಿದ್ಯುಚ್ಚೋರನೂ ಅಭಯವನ್ನು ಪಡೆದು ನಡೆದದ್ದನ್ನು ಒಪ್ಪಿಕೊಂಡನು. ಆದರೆ ವಾರಿಷೇಣನು ಮನೆಗೆ ಮರಳಲಿಲ್ಲ, ದೀಕ್ಷೆಯನ್ನು ತೆಗೆದುಕೊಂಡನು.

ಕಥೆ ಇಲ್ಲಿಗೆ ನಿಲ್ಲುವುದಿಲ್ಲ. ಹನ್ನೆರಡು ವರ್ಷ ತಪಸ್ಸಿದ್ದರೂ ಪುಷ್ಪದಾಳನಿಗೆ ಬಿಟ್ಟುಬಂದ ಹೆಂಡತಿಯ ನೆನಪು ಹೋಗಲಿಲ್ಲ. ಅದನ್ನರಿತ ವಾರಿಷೇಣ ಮುನಿಯು ಅವನನ್ನು ಕರೆದುಕೊಂಡು ತನ್ನ ಅರಮನೆಗೇ ಬಂದನು. ಮಗನು ಹೀಗೆ ಬರುವುದನ್ನು ಕಂಡ ಚೇಲನಾದೇವಿಗೆ, ಚಾರಿತ್ರದಿಂದ ಜಾರಿ ಬಂದನೋ ಎಂಬ ಶಂಕೆ ಹುಟ್ಟಿತು. ಶಂಕೆಗೆ ಕಾರಣವೂ ಇತ್ತು. ತಂದೆಗೆ ಅಂದು ಕಂಡದ್ದಕ್ಕಿಂತ ತಾಯಿಗೆ ಇಂದು ಕಂಡದ್ದು ಕಡಿಮೆಯದಲ್ಲ. ಆದರೂ ಆಕೆ ಒಂದು ಮಾತನ್ನೂ ಆಡಲಿಲ್ಲ. ರಾಗಿಗಳಿಗೆ ತಕ್ಕುದೊಂದು, ವೀತರಾಗಿಗಳಿಗೆ ತಕ್ಕುದೊಂದು, ಹೀಗೆ ಎರಡು ಆಸನಗಳನ್ನು ಇರಿಸಿ ಸುಮ್ಮನೆ ನೋಡಿದಳು. ವಾರಿಷೇಣ ಮುನಿಯು ಎರಡನೆಯದರ ಮೇಲೆ ಕುಳಿತುಕೊಂಡು, ತನ್ನ ಅಂತಃಪುರದವರನ್ನು ಕರೆಸುವಂತೆ ತಾಯಿಗೆ ಹೇಳಿದನು. ಸರ್ವಾಲಂಕಾರದಿಂದ ಬಂದು ನಿಂತ ಅವರನ್ನೂ ಯುವರಾಜ ಪದವಿಯನ್ನೂ ನೀನೇ ತೆಗೆದುಕೊ ಎಂದು ಆತನು ಪುಷ್ಪದಾಳನಿಗೆ ನುಡಿದಾಗ, ಪುಷ್ಪದಾಳನು ನಾಚಿ ತಲೆ ತಗ್ಗಿಸಿದನು.