ವೈದ್ಯವೃತ್ತಿಯಿಂದ ಜನಪ್ರಾತಿನಿಧ್ಯಕ್ಕೆ: ಡಾ. ವೈ. ಎಸ್. ರಾಜಶೇಖರ ರೆಡ್ಡಿ

ಆಂಧ್ರದ ರಾಜಕಾರಣವನ್ನು ಅಭ್ಯಸಿಸುವ ಕನ್ನಡ ವಿದ್ಯಾರ್ಥಿಗೆ, ಡಾ. ವೈ. ಎಸ್. ರಾಜಶೇಖರ ರೆಡ್ಡಿಯವರ (1949–2009) ವೈದ್ಯಶಿಕ್ಷಣ ನಡೆದುದು ಅಂದಿನ ಗುಲಬರ್ಗಾದ ಎಂ. ಆರ್. ವೈದ್ಯಕೀಯ ಕಾಲೇಜಿನಲ್ಲಿ ಎಂಬ ಸಂಗತಿ ಗಮನಾರ್ಹವಾದುದು. ಪದವಿಯ ತರುವಾಯ ಜಮ್ಮಲಮಡುಗಿನ ಮಿಷನ್ ಆಸ್ಪತ್ರೆಯಲ್ಲಿ ಕೆಲಕಾಲ ಸೇವೆ ಸಲ್ಲಿಸಿದ ಅವರು, 1973ರಲ್ಲಿ ಪುಲಿವೆಂದುಲದಲ್ಲಿ ತಂದೆಯ ಹೆಸರಿನ ಆಸ್ಪತ್ರೆಯನ್ನು ತೆರೆದರು. 1978ರಲ್ಲಿ ಅದೇ ಕ್ಷೇತ್ರ ಅವರನ್ನು ವಿಧಾನಸಭೆಗೆ ಆರಿಸಿ ಕಳುಹಿಸಿತು. ಆಸ್ಪತ್ರೆಯೇ ಗೆಲ್ಲಿಸಿತೆನ್ನುವುದು ಅರ್ಧಸತ್ಯ; ಕಡಪ ಸೀಮೆಯಲ್ಲಿ ಮನೆತನದ ಬಲವೂ ಅಲ್ಪವಲ್ಲ.

ನಡುವಣ ಏಳುಬೀಳುಗಳು ಇಲ್ಲಿ ಅಪ್ರಸ್ತುತ. 2003ರ ಸುಡುಬೇಸಗೆಯಲ್ಲಿ ಚೇವೆಳ್ಳದಿಂದ ಇಚ್ಛಾಪುರದವರೆಗೆ ಪಾದಯಾತ್ರೆ ಮಾಡಿದ ಅವರು, ಮರುವರ್ಷ ಮುಖ್ಯಮಂತ್ರಿಯಾದರು.

ವೈದ್ಯನೂ ಆಡಳಿತಗಾರನೂ ಕೂಡುವುದು 2007ರ ‘ಆರೋಗ್ಯಶ್ರೀ’ ಯೋಜನೆಯಲ್ಲಿ. ಹೃದ್ರೋಗ, ಅರ್ಬುದರೋಗ ಮೊದಲಾದವುಗಳಿಗೆ ಹೊಲ ಮಾರಿ ಹಣ ಹೊಂದಿಸಬೇಕಿದ್ದ ಬಡ ಕುಟುಂಬಗಳಿಗೆ ವರ್ಷಕ್ಕೆ 2 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸಾವೆಚ್ಚವನ್ನು ಸರ್ಕಾರವೇ ಭರಿಸಿತು. ಇದು ಸಾಮಾನ್ಯ ಸಾಧನೆಯಲ್ಲ. ಆದರೆ ಆ ಹಣದ ಬಹುಪಾಲು ಖಾಸಗಿ ಆಸ್ಪತ್ರೆಗಳಿಗೆ ಹರಿಯಿತು. ಜ್ವರ, ಭೇದಿಗಳ ರೋಗಿ ಮೊದಲು ಬಾಗಿಲು ತಟ್ಟುವ ಪ್ರಾಥಮಿಕ ಆರೋಗ್ಯ ಕೇಂದ್ರ ಹಿಂದುಳಿಯಿತೆಂಬ ಆಕ್ಷೇಪ ನಿರಾಧಾರವಲ್ಲ. ಸಣ್ಣ ಊರಿನಲ್ಲಿ ವೈದ್ಯರಾಗಿದ್ದವರು ಶಸ್ತ್ರಚಿಕಿತ್ಸೆಗೇ ಆದ್ಯತೆಯಿತ್ತುದೇಕೆ? ಬದುಕಿ ಮನೆಗೆ ಮರಳಿದ ಹೃದ್ರೋಗಿಯನ್ನು ಊರೆಲ್ಲ ಕಾಣುತ್ತದೆ. ಬಾರದೆ ಹೋದ ಭೇದಿಯನ್ನು ಯಾರೂ ಕಾಣರು. ಮತ ಕೇಳಬೇಕಾದವರಿಗೆ ಈ ಅಂತರ ತಿಳಿಯದಿರದು.

2009ರಲ್ಲಿ ಪುನಃ ಗೆದ್ದ ಅವರು ಆ ಸೆಪ್ಟೆಂಬರ್ 2ರಂದು ಹೆಲಿಕಾಪ್ಟರ್ ಅಪಘಾತದಲ್ಲಿ ಮೃತರಾದರು. 2014ರ ವಿಭಜನೆಯ ಬಳಿಕವೂ ಎರಡೂ ತೆಲುಗು ರಾಜ್ಯಗಳು ಯೋಜನೆಯನ್ನು ಮುಂದುವರಿಸಿದವು.