ಹಾಲಿನ ಗಾಡಿಯ ಡೀಸೆಲ್ ಪಂಪು: ನಮಗೂ ತಿಳಿದಿರಲಿ



ಪ್ರತಿ ಸಲ ಕೆಚ್ಚಲುಬಾವು, ಕಾಲುಬಾಯಿ ಜ್ವರ, ಖನಿಜ ಮಿಶ್ರಣ ಎಂದು ಬರೆಯುವ ಡಾಕ್ಟರಮ್ಮ ಈ ಸಲ ಗಾಡಿಯ ಪಂಪಿನ ಬಗ್ಗೆ ಯಾಕೆ ಬರೆದರು ಎಂದು ನೀವು ಕೇಳಬಹುದು. ಕಾರಣವಿದೆ. ಯಲಿಯೂರಿನ ಸುತ್ತಮುತ್ತ ನೀವು ಬೆಳಗಿನ ಜಾವ ಎದ್ದು ಕರೆದ ಹಾಲು ಮಂಡ್ಯ ದಾಟಿ ಗೆಜ್ಜಲಗೆರೆಯ ಡೇರಿ ಸೇರಬೇಕು. ದಾರಿಯಲ್ಲಿ ಅದರ ಯೋಗಕ್ಷೇಮ ಒಂದು ಡೀಸೆಲ್ ಎಂಜಿನ್ನಿನ ಕೈಯಲ್ಲಿರುತ್ತದೆ. ಹಸುವಿಗೆ ಕಾಯಿಲೆ ಬಂದರೂ ನಷ್ಟ, ಗಾಡಿಗೆ ಕಾಯಿಲೆ ಬಂದರೂ ನಷ್ಟ.

ಒಂದು ಬೇಸಿಗೆಯ ಬೆಳಿಗ್ಗೆ ಕರು ಹಾಕಲು ಕಷ್ಟಪಡುತ್ತಿದ್ದ ಹಸುವನ್ನು ನೋಡಿಕೊಂಡು ವಾಪಸು ಬರುತ್ತಿದ್ದೆ. ರಸ್ತೆ ಬದಿಯಲ್ಲಿ ಹಾಲಿನ ಗಾಡಿ ನಿಂತಿತ್ತು. ಚಾಲಕ ಬಾನೆಟ್ ಎತ್ತಿ ಕೈಯಲ್ಲಿ ಪಂಪು ಒತ್ತುತ್ತಿದ್ದ. "ಏರ್ ಹಿಡ್ಕಂಡದೆ ಮೇಡಂ, ಐದೇ ನಿಮಿಷ" ಅಂದ. ಆ ಐದು ನಿಮಿಷ ಒಂದೂವರೆ ಗಂಟೆಯಾಯಿತು. ಕ್ಯಾನುಗಳ ಮೇಲೆ ಬಿಸಿಲು ಏರಿತು. ಮೊದಲು ಹತ್ತಿಸಿದ ಊರುಗಳ ಹಾಲು ಕುದಿಸಿ ನೋಡುವ ಪರೀಕ್ಷೆಯಲ್ಲಿ ಒಡೆದುಹೋಯಿತು. ಶುದ್ಧವಾಗಿ ಕರೆದವರ ಹಾಲೂ ಅದೇ ಕ್ಯಾನಿನಲ್ಲಿತ್ತು.

ಹಾಲು ಎಷ್ಟು ಹೊತ್ತು ಕಾಯುತ್ತದೆ?

ಕೆಚ್ಚಲಿನಿಂದ ಬರುವಾಗ ಹಾಲು ಸುಮಾರು 37 ಡಿಗ್ರಿ ಬಿಸಿಯಿರುತ್ತದೆ. ಬ್ಯಾಕ್ಟೀರಿಯಾಗಳನ್ನು ತಡೆಯುವ ಶಕ್ತಿ ಹಸಿ ಹಾಲಿನಲ್ಲೇ ಸ್ವಲ್ಪ ಇದೆ. ಆದರೆ ನಮ್ಮ ಬೇಸಿಗೆಯ ಶಾಖದಲ್ಲಿ ಅದು ಬಾಳುವುದು ಸುಮಾರು ಎರಡು ಗಂಟೆ ಮಾತ್ರ. ಆಮೇಲೆ ಅರ್ಧ ಗಂಟೆಗೊಮ್ಮೆ ಬ್ಯಾಕ್ಟೀರಿಯಾ ಇಮ್ಮಡಿಯಾದರೂ ಇನ್ನೆರಡು ಗಂಟೆಗೆ ಹದಿನಾರು ಪಟ್ಟಾಗುತ್ತದೆ. 4 ಡಿಗ್ರಿಗೆ ತಂಪಾದ ಮೇಲೆಯೇ ಹಾಲಿಗೆ ನೆಮ್ಮದಿ. ಅಲ್ಲಿಯವರೆಗೆ ಗಾಡಿ ನಿಲ್ಲುವ ಪ್ರತಿ ನಿಮಿಷವೂ ನಮ್ಮ ಲೆಕ್ಕದ್ದೇ.

ಈ ಪಂಪಿನ ಕೆಲಸವೇನು?

ಡೀಸೆಲ್ ಟ್ಯಾಂಕ್ ಒಂದು ಕಡೆ, ಎಂಜಿನ್ ಇನ್ನೊಂದು ಕಡೆ. ಟ್ಯಾಂಕಿನಿಂದ ಡೀಸೆಲನ್ನು ಎಳೆದು, ಫಿಲ್ಟರ್ ಮೂಲಕ ದೊಡ್ಡ ಇಂಜೆಕ್ಷನ್ ಪಂಪಿಗೆ ತಲುಪಿಸುವ ಚಿಕ್ಕ ಪಂಪು ಇದು. ಮೆಕ್ಯಾನಿಕ್‌ಗಳು ಫೀಡ್ ಪಂಪು ಅನ್ನುತ್ತಾರೆ. ಹಳೆಯ ಗಾಡಿಗಳಲ್ಲಿ ಎಂಜಿನ್ ತಿರುಗಿದರೆ ಮಾತ್ರ ಇದು ಓಡುತ್ತದೆ.

ಊರಿನ ಬೋರ್‌ವೆಲ್ ಕೈಪಂಪನ್ನು ನೆನೆಸಿಕೊಳ್ಳಿ. ವಾಷರ್ ಸವೆದರೆ ಎಷ್ಟು ಒತ್ತಿದರೂ ನೀರು ಏರುವುದಿಲ್ಲ. ಇಲ್ಲಿಯೂ ಹಾಗೆಯೇ. ಒಳಗಿನ ವಾಲ್ವೋ ರಬ್ಬರಿನ ಪೊರೆಯೋ ಸವೆದರೆ ಡೀಸೆಲ್ ಏರುವುದಿಲ್ಲ. ಇನ್ನೊಂದು ತೊಂದರೆಯೂ ಇದೆ. ಎಂಜಿನ್ ಹತ್ತಿರ ಕೂತು ದೂರದಿಂದ ಎಳೆಯುವುದರಿಂದ ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಗಾಳಿ ಒಳಗೆ ಹೋಗುತ್ತದೆ. ಹೊರಗೆ ಒಂದು ಹನಿಯೂ ಸೋರುವುದಿಲ್ಲ. ಚಾಲಕ ಹೇಳುವ "ಏರ್ ಹಿಡಿದಿದೆ" ಎಂದರೆ ಇದೇ.

ಕರೆಂಟ್ ಪಂಪು ಹೇಗೆ ಬೇರೆ?

ಬಾವಿಯ ದಡದ ಮೇಲಿನ ಮೋಟಾರ್ ನೀರನ್ನು ಎಳೆಯುತ್ತದೆ. ನೀರೊಳಗಿನ ಸಬ್‌ಮರ್ಸಿಬಲ್ ನೀರನ್ನು ತಳ್ಳುತ್ತದೆ. ಗಾಡಿಯ ಎಲೆಕ್ಟ್ರಿಕ್ ಪಂಪನ್ನು ಟ್ಯಾಂಕಿನ ಹತ್ತಿರ, ತಗ್ಗಿನಲ್ಲಿ ಕೂರಿಸಿದರೆ ಅದೂ ಹೀಗೆ ತಳ್ಳುತ್ತದೆ. ಕೀಲಿ ತಿರುಗಿಸಿದ ಕೂಡಲೇ ಓಡಿ, ಎಂಜಿನ್ ಹತ್ತುವ ಮೊದಲೇ ಫಿಲ್ಟರ್ ತುಂಬಿಸಬಲ್ಲದು. ಪಂಪಿನಿಂದ ಮುಂದಿನ ಪೈಪಿನಲ್ಲಿ ಬಿರುಕಿದ್ದರೆ ಡೀಸೆಲ್ ಹೊರಗೆ ಸೋರಿ ಕಣ್ಣಿಗೆ ಕಾಣುತ್ತದೆ. ಹಾಗಾಗಿ ಹಳೆಯ ಗಾಡಿಗೆ ಇದು ಒಳ್ಳೆಯ ಬದಲಾವಣೆಯೇ. ಆದರೆ ಎಲ್ಲ ಕಾಯಿಲೆಗೂ ಇದೇ ಮದ್ದಲ್ಲ.

ಮೊದಲು ಕಾಯಿಲೆ ಯಾವುದೆಂದು ನೋಡಿ

ಮೇಲೆ ಹೇಳಿದ ಗಾಡಿಯ ಮಾಲೀಕರು ಮರುವಾರವೇ ಎಲೆಕ್ಟ್ರಿಕ್ ಪಂಪು ಹಾಕಿಸಿದರು. ಕೆಲವು ದಿನ ಚೆನ್ನಾಗಿ ಓಡಿತು. ಆಮೇಲೆ ಮತ್ತೆ ನಿಂತಿತು. ಟ್ಯಾಂಕ್ ಬಿಚ್ಚಿದಾಗ ತಳದ ಜಾಲರಿ ತುಂಬ ತುಕ್ಕು, ಕೆಸರು. ಮೇವು ಬಿಟ್ಟ ಹಸುವಿಗೆ ಕಾರಣ ಹುಡುಕದೆ ಸೂಜಿ ಚುಚ್ಚಿದ ಹಾಗಾಗಿತ್ತು. ಪಂಪು ಬದಲಿಸುವ ಮೊದಲು ಇವನ್ನು ನೋಡಿಸಬೇಕು:

1. ಟ್ಯಾಂಕಿನ ಮುಚ್ಚಳದ ಗಾಳಿ ರಂಧ್ರ ಕಟ್ಟಿದೆಯೇ? ಮುಚ್ಚಳ ತೆಗೆದಾಗ ಉಸ್ ಎಂದು ಗಾಳಿ ಒಳಗೆ ಎಳೆದು, ಗಾಡಿ ಮತ್ತೆ ಸರಿಯಾಗಿ ಓಡಿದರೆ ತಪ್ಪು ಅಲ್ಲಿಯೇ.
2. ಫಿಲ್ಟರ್ ಕಟ್ಟಿದೆಯೇ, ಅದರಲ್ಲಿ ನೀರು ನಿಂತಿದೆಯೇ?
3. ಟ್ಯಾಂಕಿನ ಜಾಲರಿ ಸ್ವಚ್ಛವಿದೆಯೇ?
4. ಪೈಪಿನ ಜಾಯಿಂಟ್, ವಾಷರ್, ಕ್ಲಿಪ್ ಬಿಗಿಯಾಗಿವೆಯೇ?
5. ಎಂಜಿನ್ ಆಯಿಲ್ ಮಟ್ಟ ತಾನಾಗಿ ಏರಿದೆಯೇ, ಡೀಸೆಲ್ ವಾಸನೆ ಬರುತ್ತಿದೆಯೇ? ಹಾಗಿದ್ದರೆ ಡೀಸೆಲ್ ಆಯಿಲಿಗೆ ಸೇರುತ್ತಿದೆ. ಪಂಪಿನ ಪೊರೆ ಹರಿದಿರಬಹುದು. ಗಾಡಿಯನ್ನು ಮುಂದೆ ಓಡಿಸಬಾರದು. ತೆಳುವಾದ ಆಯಿಲ್ ಎಂಜಿನ್ನನ್ನೇ ತಿನ್ನುತ್ತದೆ.

ಬದಲಿಸುವುದೇ ಆದರೆ

- ಹೊಸ ಪಂಪು ಡೀಸೆಲ್‌ಗೇ ತಯಾರಾದದ್ದಾಗಿರಬೇಕು. ಗಾಡಿಯ ಬ್ಯಾಟರಿಗೆ ತಕ್ಕಂತೆ 12 ಅಥವಾ 24 ವೋಲ್ಟ್ ಇರಬೇಕು.
- ಒತ್ತಡ ಹಳೆಯ ಪಂಪಿನಷ್ಟೇ ಇರಲಿ. ಜಾಸ್ತಿಯಾದರೆ ಇಂಜೆಕ್ಷನ್ ಪಂಪಿನ ಸೀಲು ಹೋಗಬಹುದು. ಅದರ ರಿಪೇರಿ ಈ ಚಿಕ್ಕ ಪಂಪಿಗಿಂತ ಬಹಳ ದುಬಾರಿ.
- ಹರಿದ ಹಳೆಯ ಪಂಪಿನ ಮೂಲಕವೇ ಡೀಸೆಲ್ ಹಾಯಿಸಬಾರದು. ಅದನ್ನು ತೆಗೆದು, ಎಂಜಿನ್ನಿನ ಆ ಜಾಗಕ್ಕೆ ತಗಡು, ಗ್ಯಾಸ್ಕೆಟ್ ಇಟ್ಟು ಬಿಗಿಯಾಗಿ ಮುಚ್ಚಬೇಕು.
- ವೈರಿಂಗಿಗೆ ಫ್ಯೂಸ್, ರಿಲೇ ಎರಡೂ ಬೇಕು. ಎಂಜಿನ್ ನಿಂತರೆ ಪಂಪೂ ತಾನಾಗಿ ನಿಲ್ಲಬೇಕು. ಇದಕ್ಕೆ ಆಯಿಲ್ ಒತ್ತಡದ ಸ್ವಿಚ್ ಹಾಕುತ್ತಾರೆ. ಅದಿಲ್ಲದಿದ್ದರೆ ಅಪಘಾತವಾಗಿ ಪೈಪು ಹರಿದಾಗಲೂ ಪಂಪು ಡೀಸೆಲ್ ಸುರಿಯುತ್ತಲೇ ಇರುತ್ತದೆ. ಹಣ ಉಳಿಸಲು ಇದೊಂದನ್ನು ಬಿಡಲೇಬಾರದು. ಅದು ಚಾಲಕನ ಜೀವದ ಪ್ರಶ್ನೆ.
- 2020ರ ಏಪ್ರಿಲ್ ನಂತರ ಬಂದ ಬಿಎಸ್-6 ಗಾಡಿಗಳಲ್ಲಿ ಡೀಸೆಲ್ ವ್ಯವಸ್ಥೆಯನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಅಲ್ಲಿ ಇಂಥ ಬದಲಾವಣೆಗೆ ಕೈಹಾಕಬಾರದು.

ನಾವು ಮಾಡಬಹುದಾದದ್ದು

ಸ್ಪ್ಯಾನರ್ ಹಿಡಿಯುವುದು ಮೆಕ್ಯಾನಿಕ್ ಕೆಲಸ. ಪ್ರಶ್ನೆ ಕೇಳುವುದು ನಮ್ಮ ಕೆಲಸ. ಗಾಡಿ ಬರುವ ಹೊತ್ತನ್ನು ಸಂಘದಲ್ಲಿ ದಿನವೂ ಬರೆದಿಡಿ. ಒಂದೇ ತಿಂಗಳಲ್ಲಿ ಎರಡು ಸಲ "ಏರ್ ಹಿಡಿದಿದೆ" ಎಂಬ ಮಾತು ಕೇಳಿದರೆ ಆಡಳಿತ ಮಂಡಳಿ ಸಭೆಯಲ್ಲಿ ವಿಷಯ ಎತ್ತಿ. "ಕಾರಣ ಹುಡುಕಿಸಿದ್ದೀರಾ? ಫಿಲ್ಟರ್ ಯಾವಾಗ ಬದಲಿಸಿದಿರಿ?" ಎಂದು ಕೇಳಿಸಿ. ಗಾಡಿ ಕೆಟ್ಟರೆ ಬದಲಿ ಗಾಡಿ ಯಾರು ಕಳಿಸಬೇಕು, ಹಾಲು ಕೆಟ್ಟರೆ ನಷ್ಟ ಯಾರದು ಎಂದು ಸಾಗಣೆ ಒಪ್ಪಂದದಲ್ಲಿ ಏನಿದೆಯೋ ಕಾರ್ಯದರ್ಶಿಯಿಂದ ಓದಿಸಿ ತಿಳಿಯಿರಿ.

ಗಾಡಿ ನಿಂತೇ ಹೋದರೆ ಕ್ಯಾನುಗಳನ್ನು ನೆರಳಿಗೆ ಇಳಿಸಿ, ಒದ್ದೆ ಗೋಣಿಚೀಲ ಸುತ್ತಿ. ಮುಚ್ಚಳ ಪದೇ ಪದೇ ತೆಗೆಯಬೇಡಿ. ಹತ್ತಿರದ ಬಿಎಂಸಿ ಇರುವ ಸಂಘಕ್ಕೆ ಕೂಡಲೇ ಫೋನ್ ಮಾಡಿಸಿ. ಹಾಲು ಉಳಿಯಲಿ ಎಂದು ಸೋಡಾ, ಐಸು, ಇನ್ನೇನನ್ನೂ ಹಾಕಬೇಡಿ. ಅದು ಕಲಬೆರಕೆ.

ಇನ್ನೊಂದು ಮಾತು ಮರೆಯಬೇಡಿ. ಕೆಚ್ಚಲು ತೊಳೆದು, ಒರೆಸಿ, ಒಣಗಿದ ಪಾತ್ರೆಗೆ ಕರೆದ ಹಾಲಿನಲ್ಲಿ ಬ್ಯಾಕ್ಟೀರಿಯಾ ಮೊದಲಿಗೇ ಕಡಿಮೆ. ಗಾಡಿ ತಡವಾದ ದಿನ ಅಂಥ ಹಾಲು ಇನ್ನಷ್ಟು ಹೊತ್ತು ತಡೆದುಕೊಳ್ಳುತ್ತದೆ. ನಮ್ಮ ಕೊಟ್ಟಿಗೆಯ ಕೆಲಸ ನಾವು ಸರಿಯಾಗಿ ಮಾಡೋಣ, ಗಾಡಿಯ ಕೆಲಸವನ್ನು ಸರಿಯಾಗಿ ಮಾಡಿಸೋಣ.

ನಿಮ್ಮ
ಪಶುವೈದ್ಯಾಧಿಕಾರಿ